ಅಟ್ಟದ ಮೇಲೆ ಸಿಕ್ಕಿದ ತೋಟದ ನಕ್ಷೆ

ಕೊಡಗಿನಲ್ಲಿ ಮಳೆಗಾಲ ಮುಗಿದು ಬಿಸಿಲು ಬಿತ್ತೆಂದರೆ ಹೆಂಗಸರಿಗೆ ಮೊದಲ ಕೆಲಸ ಬೂಷ್ಟು ಒರೆಸುವುದು. ನಾಲ್ಕು ತಿಂಗಳು ತೇವದಲ್ಲೇ ಇದ್ದ ಹಾಸಿಗೆ, ಕಂಬಳಿ, ಟ್ರಂಕು ಎಲ್ಲಕ್ಕೂ ಬಿಸಿಲು ಕಾಣಿಸಬೇಕು. ಹೀಗೇ ಒಂದು ಅಕ್ಟೋಬರಿನಲ್ಲಿ ಅಟ್ಟ ಗುಡಿಸುತ್ತಿದ್ದಾಗ, ಮುರಿದ ತೊಟ್ಟಿಲಿನ ಹಿಂದೆ ಮಾರುದ್ದದ ಒಂದು ತಗಡಿನ ಕೊಳವೆ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟ ಮೇಲೆ ಬಿಚ್ಚಿಕೊಂಡಿತು. ಒಳಗಿದ್ದದ್ದು ಬಟ್ಟೆಗೆ ಅಂಟಿಸಿದ ನಕ್ಷೆ. ಮೂಲೆಯಲ್ಲಿ ೧೯೨೮ ಎಂದು ಬರೆದಿತ್ತು. ನೋಡಿದರೆ ನಾವು ಇವತ್ತು ವಾಸವಾಗಿರುವ ತೋಟದ್ದೇ ನಕ್ಷೆ!

ನಮ್ಮವರು ಒಂದು ಸಲ ಬಗ್ಗಿ ನೋಡಿ, "ಅಪ್ಪ ೫೪ರಲ್ಲಿ ತೋಟ ಕೊಂಡಾಗ ಇಂಗ್ಲಿಷ್ ಕಂಪೆನಿಯವರು ಕೊಟ್ಟದ್ದಿರಬೇಕು. ಹುಷಾರಾಗಿ ಎತ್ತಿಡು" ಅಂದು ಕೆಲಸಕ್ಕೆ ಹೊರಟುಹೋದರು. ಎತ್ತಿಡುವ ಬದಲು ನಾನು ಅದನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು ನಾನು. ಭೂಗೋಳದಲ್ಲಿ ನಕ್ಷೆ ತುಂಬುವ ಪ್ರಶ್ನೆಗೆ ಮಾತ್ರ ಪೂರ್ತಿ ಅಂಕ ಬರುತ್ತಿತ್ತು. ಆ ಹಳೇ ಖುಷಿ ಮತ್ತೆ ಬಂತು ಅಂತಿಟ್ಟುಕೊಳ್ಳಿ.

ಆದರೆ ಬರೀ ಖುಷಿಗಾಗಿ ಇದನ್ನು ಬರೆಯುತ್ತಿಲ್ಲ. ಅದೇ ಹೊತ್ತಿಗೆ ಪಕ್ಕದ ತೋಟ ಕೈಬದಲಾಗಿತ್ತು. ಹೊಸ ಮಾಲೀಕರು ಆನೆ ಕಾಟ ತಾಳಲಾರದೆ ಸುತ್ತಲೂ ಸೋಲಾರ್ ಬೇಲಿ ಹಾಕಿಸಿದರು. ಸಿದ್ದಾಪುರದ ಕಡೆಯವರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ. ಬೇಲಿ ಹಾಕಿದ್ದು ತಪ್ಪು ಅಂತ ಯಾರೂ ಅನ್ನಲಾರರು. ಆದರೆ ಆ ಬೇಲಿಯಿಂದ ನಮ್ಮ ತೋಟದ ಲೈನ್ ಮನೆಯಿಂದ ತೋಡಿನ ಆಚೆಗೆ ಹೋಗುವ ಒಂದು ಕಾಲುದಾರಿ ಮುಚ್ಚಿಹೋಯಿತು. ಬಳಸುದಾರಿ ಇದೆಯಲ್ಲ ಅಂತ ನಾವೂ ಸುಮ್ಮನಿದ್ದೆವು. ಒಂದು ದಿನ ನಮ್ಮಲ್ಲಿ ಹುಟ್ಟಿ ಬೆಳೆದ ಯರವರ ಅಜ್ಜಿಯೊಬ್ಬಳು ಅಡಿಗೆ ಮನೆಯ ಬಾಗಿಲಿಗೆ ಬಂದು ಕೂತಳು. ಕಾಫಿ ಕೊಟ್ಟರೆ ಕುಡಿಯಲಿಲ್ಲ.

"ಅಮ್ಮಾ, ನಮ್ ಮುದ್ಕ ಅಲ್ಲೇ ಮಲಗವ್ನೆ. ನಮ್ಮವ್ವ, ನಮ್ಮಜ್ಜಿ ಎಲ್ಲಾ ಅಲ್ಲೇ. ನಾನೂ ಅಲ್ಲಿಗೇ ಹೋಗೋಳು. ಬೇಲಿ ದಾಟಿ ಹೆಂಗ್ ಹೋಗ್ಲಿ?"

ಆ ದಾರಿ ಅವರ ಮಸಣಕ್ಕೆ ಹೋಗುವ ದಾರಿ ಅನ್ನುವುದು, ಮದುವೆಯಾಗಿ ಇಪ್ಪತ್ತಾರು ವರ್ಷ ಇದೇ ತೋಟದಲ್ಲಿದ್ದ ನನಗೆ ಆವತ್ತೇ ಗೊತ್ತಾದದ್ದು. ನಮ್ಮವರು ಹೋಗಿ ಕೇಳಿದರು. "ದಾಖಲೆಯಲ್ಲಿ ದಾರಿಯೂ ಇಲ್ಲ, ಮಸಣವೂ ಇಲ್ಲ. ಏನಾದರೂ ಕಾಗದ ಇದ್ದರೆ ತೋರಿಸಿ" ಎಂದು ಅವರು ಮರ್ಯಾದೆಯಿಂದಲೇ ಹೇಳಿ ಕಳಿಸಿದರು. ಕಾಗದ! ಅಜ್ಜಿಯ ಹತ್ತಿರ ರೇಷನ್ ಕಾರ್ಡು ಬಿಟ್ಟರೆ ಯಾವ ಕಾಗದ ಇದ್ದೀತು? ಆಗ ನನಗೆ ಮೇಜಿನ ಮೇಲಿದ್ದ ನಕ್ಷೆ ಬೇರೆಯೇ ಆಗಿ ಕಾಣತೊಡಗಿತು.

ನಕ್ಷೆ ಓದುವುದು ಬ್ರಹ್ಮವಿದ್ಯೆಯಲ್ಲ, ಬ್ಲೌಸಿನ ಕಟಿಂಗ್ ಗೊತ್ತಿರುವವರಿಗೆ ಸಲೀಸು. ಮೊದಲು ಅಳತೆ ನೋಡಬೇಕು. ನಮ್ಮ ನಕ್ಷೆಯ ಕೆಳಗೆ ಒಂದು ಇಂಚಿಗೆ ಹತ್ತು ಚೈನು ಅಂತ ಬರೆದಿತ್ತು. ಚೈನು ಅಂದರೆ ಸರ್ವೆಯವರು ಎಳೆಯುವ ಸರಪಳಿ, ಅರವತ್ತಾರು ಅಡಿ ಉದ್ದ, ನೂರು ಕೊಂಡಿ. ಹತ್ತು ಚೈನೆಂದರೆ ೬೬೦ ಅಡಿ. ಹತ್ತು ಚದರ ಚೈನಿಗೆ ಒಂದು ಎಕರೆ, ಒಂದು ಚದರ ಚೈನಿಗೆ ಹತ್ತು ಸೆಂಟು. ಹಾಗಾಗಿ ನಕ್ಷೆಯ ಮೇಲೆ ಒಂದು ಇಂಚು ಉದ್ದ, ಒಂದು ಇಂಚು ಅಗಲದ ಚೌಕ ಇಟ್ಟರೆ ಅದರೊಳಗೆ ಹತ್ತು ಎಕರೆ ಕೂತಿದೆ ಅಂತ ಲೆಕ್ಕ. ಮಗನ ಗ್ರಾಫ್ ಕಾಗದ ತಂದು ಚೌಕ ಎಣಿಸಿದೆ. ಕ್ರಯಪತ್ರದಲ್ಲಿದ್ದ ವಿಸ್ತೀರ್ಣಕ್ಕೂ ನನ್ನ ಲೆಕ್ಕಕ್ಕೂ ಮೂರೇ ಎಕರೆ ವ್ಯತ್ಯಾಸ. ನಮ್ಮವರು ಆಗ ಸ್ವಲ್ಪ ತಿರುಗಿ ನೋಡಿದರು.

ಆಮೇಲೆ ತಾಲೂಕು ಕಚೇರಿಯ ಸರ್ವೆ ಶಾಖೆಯಿಂದ ನಮ್ಮ ಗ್ರಾಮ ನಕ್ಷೆಯ ನಕಲು ತರಿಸಿಕೊಂಡೆ. ಇದು ಯಾರಿಗೆ ಬೇಕಾದರೂ ಸಿಗುತ್ತದೆ, ಶುಲ್ಕ ಕಟ್ಟಿ ಅರ್ಜಿ ಕೊಟ್ಟರಾಯಿತು. ಈಗಂತೂ ಕಂದಾಯ ಇಲಾಖೆಯವರು ಹಳ್ಳಿಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲೂ ಇಟ್ಟಿದ್ದಾರೆ. ಜೆರಾಕ್ಸ್ ಅಂಗಡಿಯ ಹುಡುಗ ಹಿಗ್ಗಿಸಿ ಕುಗ್ಗಿಸಿ ಎರಡನ್ನೂ ಒಂದೇ ಅಳತೆಗೆ ತಂದುಕೊಟ್ಟ. ಕಸೂತಿಗೆ ಹೂವಿನ ನಮೂನೆ ಇಳಿಸಿಕೊಳ್ಳುವ ಟ್ರೇಸಿಂಗ್ ಕಾಗದ ಮನೆಯಲ್ಲಿತ್ತಲ್ಲ, ಹಳೇ ನಕ್ಷೆಯನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಇಳಿಸಿ ಹೊಸ ನಕ್ಷೆಯ ಮೇಲಿಟ್ಟೆ. ಎಲ್ಲಿ ಕೂರಿಸುವುದು ಅಂತ ಮೊದಲು ಒದ್ದಾಡಿದ್ದು ನಿಜ. ಮನೆ, ರಸ್ತೆ ಎಲ್ಲ ಬದಲಾಗುತ್ತವೆ, ಅವನ್ನು ನಂಬಬಾರದು. ತೋಡು ಹೊಳೆಗೆ ಸೇರುವ ಜಾಗ, ದೊಡ್ಡ ಬಂಡೆ, ಹಳೇ ಕಡಂಗ — ಇವು ಮೂರು ಕೂತವೆಂದರೆ ಉಳಿದದ್ದೆಲ್ಲ ತಾನಾಗಿ ಕೂರುತ್ತದೆ.

ಕಡಂಗ ಅಂದರೆ ಹೊರಗಿನವರಿಗೆ ಗೊತ್ತಿರಲಾರದು. ಕೊಡಗಿನ ಉದ್ದಗಲಕ್ಕೂ ಹಿಂದಿನವರು ಯುದ್ಧಕ್ಕೆಂದೂ ಗಡಿಗೆಂದೂ ತೋಡಿದ ಭಾರೀ ಕಂದಕಗಳು ಅವು. ಲಿಂಗರಾಜೇಂದ್ರ (ಆಳಿದ್ದು ೧೮೧೧ರಿಂದ ೧೮೨೦) ತನ್ನ ಕಾಲದಲ್ಲಿ ಜಮೀನಿನ 'ಶಿಸ್ತು' ಲೆಕ್ಕ ಬರೆಸಿದಾಗ ಗಡಿ ಹೇಳಿದ್ದೇ ಹೀಗೆ: ಇಂಥ ತೋಡು, ಇಂಥ ಕಡಂಗ, ಇಂಥ ಮರ. ಅದು ಗೆರೆಯ ನಕ್ಷೆಯಲ್ಲ, ಮಾತಿನ ನಕ್ಷೆ ಅನ್ನಬಹುದು. ಸೇವೆಗಾಗಿ ಕುಟುಂಬಕ್ಕೆ ಕೊಟ್ಟ ಜಮ್ಮ, ಅದಕ್ಕೆ ಸೊಪ್ಪು ಸೌದೆಗೆಂದು ಸೇರಿದ ಬಾಣೆ, ಪೂರ್ತಿ ಕಂದಾಯದ ಸಾಗು, ಯಾರದೂ ಅಲ್ಲವೆಂದು ಸರಕಾರಕ್ಕೆ ಸೇರಿದ ಪೈಸಾರಿ. ಈ ಮಾತುಗಳು ಇವತ್ತಿನ ಪಹಣಿಯಲ್ಲೂ ಓಡಾಡುತ್ತಿವೆ. ಲಿಂಗರಾಜೇಂದ್ರನ ಕಾಲದಲ್ಲೇ, ೧೮೧೫ರಿಂದ ೧೮೧೭ರವರೆಗೆ, ಲೆಫ್ಟಿನೆಂಟ್ ಕಾನರ್ ಎಂಬ ಇಂಗ್ಲಿಷ್ ಅಧಿಕಾರಿ ಕೊಡಗನ್ನು ಸರ್ವೆ ಮಾಡಿದ. ಅವನ ವರದಿ ಬೆಂಗಳೂರಿನಲ್ಲಿ ಅಚ್ಚಾದದ್ದು ೧೮೭೦ರಲ್ಲಿ. ಅವನು ನೋಡಿದ ಕೊಡಗಿನಲ್ಲಿ ಹೀಗೆ ಹೆಸರು ಹಾಕಿದ ಒಂದು ಎಸ್ಟೇಟೂ ಇರಲಿಲ್ಲ.

ಹಾಗಾದರೆ ನಮ್ಮ ತೋಟಗಳೆಲ್ಲ ಯಾವಾಗ ಹುಟ್ಟಿದ್ದು? ಬಾಬಾ ಬುಡನ್ ಏಳು ಬೀಜ ತಂದ ಕತೆ ಚಿಕ್ಕಮಗಳೂರಿನದು, ಎಲ್ಲರಿಗೂ ಗೊತ್ತು. ಕೊಡಗಿನ ಕತೆ ಬೇರೆ. ರಾಜರ ಕಾಲದಲ್ಲೇ ನಾಲ್ಕುನಾಡಿನ ಹತ್ತಿರ ಜಮೀನು ಪಡೆದಿದ್ದ ಮಾಪಿಳ್ಳೆಗಳು ಸದ್ದಿಲ್ಲದೆ ಕಾಫಿ ಬೆಳೆಯುತ್ತಿದ್ದರಂತೆ; ಬೇರೆಯವರು ಬೆಳೆಯದಿರಲಿ ಅಂತ ಅದರ ಬಗ್ಗೆ ಏನೇನೋ ಹೆದರಿಸುವ ಮಾತು ಹಬ್ಬಿಸಿದ್ದರಂತೆ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪೆನಿ ಸರಕಾರ ಕೊಡಗನ್ನು ತೆಗೆದುಕೊಂಡ ಮೇಲೆ ಗುಟ್ಟು ರಟ್ಟಾಯಿತು. ೧೮೫೪ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯೂರೋಪಿಯನ್ ತೋಟ ಮಾಡಿದ. ಮರುವರ್ಷ ಸಂಪಾಜೆ ಘಾಟಿಯಲ್ಲಿ ಮಾನ್, ೧೮೫೬ರಲ್ಲಿ ಪೆರುಂಬಾಡಿ ಘಾಟಿಯಲ್ಲಿ ಡಾಕ್ಟರ್ ಮ್ಯಾಕ್ಸ್‌ವೆಲ್. ಅಲ್ಲಿಂದ ಮುಂದೆ ಕಾಡು ಕಡಿದದ್ದೇ ಕಡಿದದ್ದು.

ಘಾಟಿಯ ತೋಟಗಳ ಗತಿ ಮಾತ್ರ ಕೇಳಬೇಡಿ. ಮರವನ್ನೆಲ್ಲ ಬೋಳಿಸಿ ಬಿಸಿಲಿನಲ್ಲಿ ಗಿಡ ನೆಟ್ಟರು. ಮಳೆಗೆ ಮಣ್ಣು ಕೊಚ್ಚಿಹೋಯಿತು, ೧೮೬೫ರ ನಂತರ ಕಾಂಡ ಕೊರೆಯುವ ಹುಳು ಬಿದ್ದು ಎಷ್ಟೋ ತೋಟಗಳು ಹಾಳಾದವು. ಹುಳುವಿನ ಮೇಲೆ ಡಾಕ್ಟರ್ ಬಿಡೀ ಎಂಬಾತ ಒಂದು ವರದಿಯನ್ನೇ ಬರೆದ, ೧೮೬೯ರಲ್ಲಿ. ನೆರಳು ಬೇಕು ಅನ್ನುವ ಬುದ್ಧಿ ಬಂದದ್ದು ಹೀಗೆ ಸುಟ್ಟುಕೊಂಡ ಮೇಲೆ. ಆಗ ಅವರ ಕಣ್ಣು ಬಿದ್ದದ್ದು ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಬಿದಿರು ಕಾಡಿನ ಮೇಲೆ. ಮಳೆ ಹಿತವಾಗಿತ್ತು, ನೆಲ ಮಟ್ಟವಾಗಿತ್ತು. ಈ ಸೀಮೆಗೇ ಅವರು 'ಬ್ಯಾಂಬೂ' ಎಂದು ಹೆಸರಿಟ್ಟರು. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನ ಹೆಸರು ಅಲ್ಲಿಂದಲೇ ಬಂದದ್ದು.

ಈ ಬಿದಿರು ಸೀಮೆಯಲ್ಲಿ ಮೊದಮೊದಲು ತೋಟ ಮಾಡಿದವರಲ್ಲಿ ಒಬ್ಬರು ಬಿಳಿಯರಲ್ಲ, ನಮ್ಮ ಮಂಗಳೂರಿನವರು. ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, ೧೮೪೪ರಲ್ಲಿ ಬಾಸೆಲ್ ಮಿಶನ್ನಿನಲ್ಲಿ ಕ್ರೈಸ್ತನಾದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗರೇ ಇವರ ಗುರು. 'ಹರ್ಮನ್' ಎಂಬ ಹೆಸರನ್ನೂ ಶಿಷ್ಯ ತನ್ನ ಹೆಸರಿನ ಮುಂದೆ ಸೇರಿಸಿಕೊಂಡಿದ್ದ. ೧೮೫೭ರಲ್ಲಿ ಕೌಂಡಿನ್ಯ ಇಲ್ಲಿ ಆನಂದಪುರ ಎಂಬ ಊರನ್ನು ಕಟ್ಟಿ ಕಾಫಿ ಹಾಕಿಸಿದರು. ಒಡೆಯರ ಜಮೀನಿಗೆ ಕಟ್ಟುಬಿದ್ದಿದ್ದ ಬಡ ಹೊಲೆಯಾಳುಗಳು ಕ್ರೈಸ್ತರಾಗಿ ಬಂದು ನೆಲೆಸಿದ ಊರು ಅದು. ೧೮೬೦ರಲ್ಲಿ ಅವರು ಮದುವೆಯಾದದ್ದು ಜರ್ಮನಿಯ ಮೇರಿ ಎಂಬಾಕೆಯನ್ನು. ಜರ್ಮನಿಯಿಂದ ಹಡಗು ಹತ್ತಿ ಈ ಬಿದಿರು ಮೆಳೆಯ ಮಧ್ಯೆ ಸಂಸಾರ ಹೂಡಲು ಬಂದ ಆ ಹೆಣ್ಣುಮಗಳು ಮೊದಲ ಮಳೆಗಾಲದ ಜಿಗಣೆ ನೋಡಿ ಏನಂದಳೋ! ಪಿರಿಯಾಪಟ್ಟಣದ ಬಯಲಿನಿಂದ ಬಂದ ನಾನೇ ಅತ್ತುಬಿಟ್ಟಿದ್ದೆ. ಊರು ಹೋದರೂ ಆನಂದಪುರ ಅನ್ನುವ ಹೆಸರು ನಕ್ಷೆಯಲ್ಲಿ ಎಸ್ಟೇಟಿನ ಹೆಸರಾಗಿ ಉಳಿದಿದೆ.

ಹೆಸರಿನ ವಿಷಯ ಬಂದಾಗ ಒಂದು ಮಾತು. ಹಳೇ ನಕ್ಷೆಗಳಲ್ಲಿ ಮಡಿಕೇರಿ 'ಮರ್ಕೆರಾ', ಕುಶಾಲನಗರ 'ಫ್ರೇಸರ್‌ಪೇಟೆ' — ಕರ್ನಲ್ ಫ್ರೇಸರನ ಹೆಸರು. ಆದರೆ ತೋಟಗಳ ಹೆಸರು ನೋಡಿ. ದೊರೆಗಳ ಬಾಯಲ್ಲಿ 'ಯೆಮ್ಮಿಗೂಂಡಿ' ಆದದ್ದು ನಮ್ಮ ಎಮ್ಮೆಗುಂಡಿ. 'ಕಾಟಬೆಟ್ಟ' ಅಂದರೆ ಕೋಟೆಬೆಟ್ಟ. ಕರಡಿಬೆಟ್ಟಕ್ಕಂತೂ ಅರ್ಥವೇ ಬೇಡ. ಗ್ಲೆನ್‌ಲೋರ್ನಾದಂಥ ಸ್ಕಾಟ್‌ಲೆಂಡಿನ ಹೆಸರುಗಳೂ ಇವೆ, ಇಲ್ಲವೆಂದಲ್ಲ. ಹೆಸರು ಸ್ಥಳೀಯವಾಗಿದ್ದ ಕಡೆಯಲ್ಲೆಲ್ಲ ನಾನು ಕೇಳುವ ಪ್ರಶ್ನೆ ಒಂದೇ: ತೋಟ ಆಗುವ ಮುಂಚೆ ಅದು ಬರೀ ಕಾಡಾಗಿದ್ದರೆ, ಅಲ್ಲಿ ಎಮ್ಮೆ ಹೊರಳುವ ಗುಂಡಿ ಇದೆ ಅಂತ ಹೆಸರಿಟ್ಟವರು ಯಾರು? ಸರಕಾರ ಪಾಳುಭೂಮಿ ಎಂದು ಕೊಟ್ಟ ನೆಲದಲ್ಲಿ ಎಮ್ಮೆ ಮೇಯಿಸಿದವರು, ಜೇನು ಇಳಿಸಿದವರು, ಬಿದಿರಕ್ಕಿ ಆರಿಸಿದವರು ಇದ್ದರು. ಹೆಸರು ಅವರದು, ಪಟ್ಟೆ ಬೇರೆಯವರದು.

ನಮ್ಮ ನಕ್ಷೆಗೆ ಬರೋಣ. ಅದರಲ್ಲಿ ಬಂಗಲೆ, ಪಲ್ಪರ್ ಮನೆ, ಗೋದಾಮು, ಏಳು ಬ್ಲಾಕು, ಒಂದೊಂದು ಬ್ಲಾಕಿಗೂ ಗಿಡ ನೆಟ್ಟ ವರ್ಷ, ಎಕರೆ, ಸೆಂಟು ಎಲ್ಲ ಅಚ್ಚುಕಟ್ಟಾಗಿದೆ. ಬಂಗಲೆಯ ಗುಲಾಬಿ ತೋಟವನ್ನೂ ಬಿಡದೆ ಬಣ್ಣ ಹಾಕಿ ತೋರಿಸಿದ್ದಾರೆ. ಆಳುಗಳ ಮನೆಗೆ ಒಂದು ಸಾಲು ಪುಟ್ಟ ಚೌಕ, ಪಕ್ಕದಲ್ಲಿ 'ಲೈನ್ಸ್' ಎಂಬ ಒಂದೇ ಮಾತು. ಅಲ್ಲಿದ್ದವರು ಎಷ್ಟು ಜನ, ಮೈಸೂರು ಸೀಮೆಯವರೋ, ಮಲಬಾರಿನವರೋ, ಮೇಸ್ತ್ರಿಯ ಕೈಯಲ್ಲಿ ಮುಂಗಡ ತಿಂದು ಬಂದವರೋ, ಯರವರೋ — ಒಂದೂ ಇಲ್ಲ. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟು ಹೋದರೆ ಶಿಕ್ಷಿಸಲು ೧೮೫೯ರಲ್ಲೇ ಕಾಯಿದೆ ಬಂದಿತ್ತು. ಅಂಥವರು ನಕ್ಷೆಯಲ್ಲಿ ಒಂದು ಚೌಕ.

ಇದು ನಮ್ಮಲ್ಲಿ ಮಾತ್ರವಲ್ಲ. ವೆಸ್ಟ್ ಇಂಡೀಸ್ ದ್ವೀಪಗಳ ಸಕ್ಕರೆ ತೋಟಗಳ ನಕ್ಷೆಗಳ ಬಗ್ಗೆ ಓದುವ ಅವಕಾಶ ಸಿಕ್ಕಿತು. ಜಮೈಕಾದಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬ ಸರ್ವೆಯವನು ೧೮೦೪ರಲ್ಲೇ ದ್ವೀಪದ ತೋಟಗಳನ್ನೆಲ್ಲ ಗುರುತಿಸಿ ನಕ್ಷೆ ಮಾಡಿದ್ದ. ಹಿಗ್ಮನ್ ಎಂಬ ಚರಿತ್ರೆಕಾರರು ಅಲ್ಲಿನ ತೋಟದ ನಕ್ಷೆಗಳ ಮೇಲೇ ೧೯೮೮ರಲ್ಲಿ ಒಂದು ಪುಸ್ತಕ ತಂದರು. ಅಲ್ಲೂ ಇದೇ ಕತೆ: ಕಬ್ಬಿನ ಒಂದೊಂದು ತುಂಡಿಗೂ ಹೆಸರು, ದೊರೆಯ ಮನೆಗೆ ಬಣ್ಣ, ಆಫ್ರಿಕದಿಂದ ಹಿಡಿದು ತಂದ ಗುಲಾಮರ ಗುಡಿಸಲಿಗೆ ಪುಟ್ಟ ಪುಟ್ಟ ಚೌಕ. ಗುಲಾಮಗಿರಿ ರದ್ದಾದದ್ದು ೧೮೩೪ರ ಆಗಸ್ಟ್ ಒಂದರಂದು. ಕೊಡಗು ಕಂಪೆನಿಯ ಕೈಸೇರಿದ ವರ್ಷವೇ! ಆಗ ಬ್ರಿಟಿಷ್ ಸರಕಾರ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ ಅಂತೀರಿ? ಒಡೆಯರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಕೆಲಸಕ್ಕೆ ಜನ ಸಾಲದೆ ಆಮೇಲೆ ನಮ್ಮ ದೇಶದವರನ್ನು ಹಡಗಿನಲ್ಲಿ ತುಂಬಿಕೊಂಡು ಹೋದರು. ರೇಡಿಯೋ ಕಾಮೆಂಟರಿಯಲ್ಲಿ ಕೇಳುತ್ತಿದ್ದ ರೋಹನ್ ಕನ್ಹಾಯ್, ಕಾಳಿಚರಣ್ ಇಬ್ಬರೂ ಗಯಾನದ ಪೋರ್ಟ್ ಮೌರಾಂಟ್ ಎಂಬ ಸಕ್ಕರೆ ತೋಟದ ಕಡೆಯವರು, ಹೀಗೆ ಹೋದವರ ಮೊಮ್ಮಕ್ಕಳ ಪೈಕಿ. ನಮ್ಮವರಿಗೆ ಇದನ್ನು ಹೇಳಿದಾಗ ಕೈಯಲ್ಲಿದ್ದ ಪೇಪರು ಕೆಳಗಿಟ್ಟರು.

ನಮ್ಮಲ್ಲೂ ಆಳುಗಳು ಜಮೀನಿನ ಜೊತೆಗೇ ಕೈಬದಲಾಗುತ್ತಿದ್ದ ಕಾಲ ಇತ್ತು. ಕಂಪೆನಿ ಸರಕಾರದ ಕಾಯಿದೆ ೧೮೪೩ರಲ್ಲಿ ಬಂತು, ಜೀತ ನಿಲ್ಲಿಸುವ ಕಾಯಿದೆ ೧೯೭೬ರಲ್ಲಿ. ಎರಡರ ನಡುವೆ ಎಷ್ಟು ತಲೆಮಾರು ನೀವೇ ಎಣಿಸಿ.

ಇಷ್ಟೆಲ್ಲ ಆದರೂ ದಾರಿ ಎಲ್ಲಿ? ಗ್ರಾಮ ನಕ್ಷೆಯಲ್ಲಿ ಇರಲಿಲ್ಲ, ಪಕ್ಕದವರು ಹೇಳಿದ್ದು ಸುಳ್ಳಲ್ಲ. ಹಳೇ ನಕ್ಷೆಯಲ್ಲೂ ಮೊದಲು ಕಾಣಲಿಲ್ಲ. ಒಂದು ಮಧ್ಯಾಹ್ನ, ಬಿಸಿಲು ಅಡ್ಡಲಾಗಿ ಬಿದ್ದಾಗ, ಮಡಿಕೆ ಬಿದ್ದ ಕಡೆ ಮಾಸಿಹೋಗಿದ್ದ ಚುಕ್ಕಿ ಗೆರೆ ಕಂಡಿತು. ಲೈನ್ ಮನೆಯಿಂದ ಹೊರಟು, ತೋಡು ದಾಟಿ, ಆಗ ಒಂದೇ ತೋಟವಾಗಿದ್ದ ಆರನೇ ಬ್ಲಾಕಿನ ಅಂಚಿನಲ್ಲಿ ಸಾಗಿ, ಒಂದು ಕಡೆ ನಿಂತುಬಿಟ್ಟಿತ್ತು. ಅಲ್ಲಿ ಬಾವಿ ಇಲ್ಲ, ಮನೆ ಇಲ್ಲ, ಗುಡಿ ಇಲ್ಲ, ರಸ್ತೆಯೂ ಇಲ್ಲ. ಖಾಲಿ ಬಿಳಿ ಜಾಗ. ಏನೂ ಇಲ್ಲದ ಕಡೆಗೆ ಯಾರು ದಾರಿ ಸವೆಸುತ್ತಾರೆ? ಸರ್ವೆಯವನು ತಾನು ನಡೆದ ದಾರಿಯನ್ನು ಪ್ರಾಮಾಣಿಕವಾಗಿ ಬರೆದಿದ್ದ. ದಾರಿಯ ಕೊನೆಯಲ್ಲಿದ್ದದ್ದು ಅವನ ಕಣ್ಣಿಗೆ ಬರೆಯುವಂಥದ್ದು ಅನ್ನಿಸಿರಲಿಲ್ಲ, ಅಷ್ಟೆ.

ಅಜ್ಜಿಯನ್ನು ಕರೆದು ಮೇಜಿನ ಹತ್ತಿರ ಕೂರಿಸಿದೆ. ಓದು ಬಾರದು. ಆದರೆ ತೋಡನ್ನೂ ಬಂಡೆಯನ್ನೂ ಬೆರಳಿಟ್ಟು ತೋರಿಸಿದ ಮೇಲೆ ನನಗಿಂತ ಚೆನ್ನಾಗಿ ನಕ್ಷೆ ಓದಿದಳು. "ಇದು ನೇರಳೆ ಮರ ಇದ್ದ ಜಾಗ. ಇದು ಜಿಗಣೆ ತೋಡು. ಇಲ್ಲಿ ನಮ್ಮವ್ವ." ಟ್ರೇಸಿಂಗ್ ಕಾಗದದ ಮೇಲೆ ಅವಳು ಹೇಳಿದ್ದನ್ನೆಲ್ಲ ಗುರುತು ಮಾಡುತ್ತಾ ಹೋದೆ. ಹಾಗೇ ಅವಳ ಬೆರಳು ಹಿಂದಕ್ಕೆ ಬಂದು ಪೂರ್ವದ ಕಡೆ, ಹೆಸರಿಲ್ಲದ ಏಳೆಂಟು ಚುಕ್ಕಿಗಳ ಮೇಲೆ ನಿಂತಿತು. ಅವು ಏನೆಂದು ನನಗೂ ಗೊತ್ತಾಗಿರಲಿಲ್ಲ.

"ಇದು ನಮ್ ಹಾಡಿ ಅಮ್ಮಾ. ನಾನು ಹುಟ್ಟಿದ್ದು ಇಲ್ಲಿ."

ಟ್ರೇಸಿಂಗ್ ಕಾಗದವನ್ನು ಹೊಸ ನಕ್ಷೆಯ ಮೇಲಿಟ್ಟೆ. ಚುಕ್ಕಿಗಳು ಬಂದು ಕೂತದ್ದು ನಮ್ಮ ಸಿಮೆಂಟ್ ಕಣದ ಮೇಲೆ. ಡಿಸೆಂಬರು, ಜನವರಿಯಲ್ಲಿ ನಾನು ನಿಂತು ಕಾಫಿ ಒಣಗಿಸುವ ಕಣ.

"ಇಂಗ್ಲಿಷ್ ದೊರೆಗಳ ಕಾಲದಲ್ಲಿ ಎಬ್ಬಿಸಿದ್ರಾ ಅಜ್ಜೀ?" ಅಂದೆ. ಹಾಗೇ ಇರಲಿ ಅಂತ ಮನಸ್ಸು ಬೇಡುತ್ತಿತ್ತು.

"ಅಲ್ಲ ಅಮ್ಮಾ. ನಿಮ್ ಮಾವ್ನೋರು."

ಅತ್ತೆ ಒಳಗೆ ತರಕಾರಿ ಹೆಚ್ಚುತ್ತಿದ್ದವರು ಕೇಳಿಸಿಕೊಂಡಿದ್ದರು. ರಾತ್ರಿ ಊಟವಾದ ಮೇಲೆ ತಾವಾಗಿಯೇ ಹೇಳಿದರು. "ಹೌದು. ನಾನು ಆಗ ಹೊಸದಾಗಿ ಬಂದಿದ್ದೆ. ಲೈನ್ ಮನೆ ಕಟ್ಟಿಸಿ ಅಲ್ಲಿಗೆ ಕಳಿಸಿದ್ರು, ಬರೀ ಕೈಯಲ್ಲಿ ಕಳಿಸಲಿಲ್ಲ. ಹೆಂಗಸರು ಮಾತ್ರ ತುಂಬಾ ಅತ್ತರು." ಮಾವನವರು ಕೆಟ್ಟವರಲ್ಲ. ೧೯೫೧ರ ತೋಟ ಕಾರ್ಮಿಕರ ಕಾಯಿದೆಯಂತೆ ಮನೆ, ನೀರು ಎಲ್ಲ ಒದಗಿಸಿದ್ದರು ಅಂತ ಎಲ್ಲರೂ ಹೊಗಳು��್ತಾರೆ. ಆದರೆ ಪಕ್ಕದವರ ಬೇಲಿಯ ಮೇಲೆ ಸಿಟ್ಟು ಮಾಡಿಕೊಂಡು ನಕ್ಷೆ ಹಿಡಿದು ಕೂತವಳಿಗೆ ನಮ್ಮದೇ ಕಣ ಸಿಕ್ಕಿದಾಗ ಆದ ಮುಜುಗರ ಇನ್ನೂ ಹೋಗಿಲ್ಲ.

ಕೊಡಗಿನಲ್ಲಿ ಇಂಥ ಚುಕ್ಕಿಗಳು ಎಷ್ಟಿವೆಯೋ. ದೇವರಕಾಡಿನ ಲೆಕ್ಕ ಗೊತ್ತು: ೧೯೦೫ರಲ್ಲಿ ದಾಖಲೆಯಲ್ಲಿದ್ದದ್ದು ೧೫,೫೦೬ ಎಕರೆ, ೧೯೮೫ರ ಹೊತ್ತಿಗೆ ಉಳಿದದ್ದು ೬,೨೯೯ ಎಕರೆ. ಲೆಕ್ಕದಲ್ಲಿದ್ದ ದೇವರ ಜಾಗವೇ ಹೀಗೆ ಕರಗಿದರೆ, ಲೆಕ್ಕಕ್ಕೇ ಬರದ ಹಾಡಿ, ಮಸಣಗಳ ಪಾಡೇನು? ೨೦೧೬ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಗುಡಿಸಲುಗಳನ್ನು ಕಿತ್ತಾಗಲೂ ಜಗಳ ಇದ್ದದ್ದು ಇದೇ, ಆ ನೆಲ ಪೈಸಾರಿಯೋ ಮೀಸಲು ಅರಣ್ಯವೋ ಅಂತ.

ಮಡಿಕೇರಿಯಲ್ಲಿ ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಅವರು ಎರಡು ಮಾತು ಹೇಳಿದರು, ಓದುಗ ಸೋದರಿಯರಿಗೆ ಉಪಯೋಗವಾದೀತು. ೨೦೦೬ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ, ಮಸಣವೂ ಸಾಕ್ಷಿ. ಆದರೆ ಅದು ಅರಣ್ಯ ಭೂಮಿಗೆ, ಖಾಸಗಿ ತೋಟಕ್ಕಲ್ಲ. ಖಾಸಗಿ ಜಮೀನಿನಲ್ಲಿ ದಾರಿಯ ವಿಷಯಕ್ಕೆ ೧೮೮೨ರ ಕಾಯಿದೆಯೊಂದಿದೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಕದ್ದುಮುಚ್ಚದೆ, ಹಕ್ಕಿನಿಂದ ಎಂಬಂತೆ ಓಡಾಡಿದ ದಾರಿಗೆ ಹಕ್ಕು ಹುಟ್ಟುತ್ತದೆ. ಆ ಕಾಯಿದೆ ಮೊಟ್ಟಮೊದಲು ಜಾರಿಗೆ ಬಂದ ಕಡೆಗಳಲ್ಲಿ ಕೊಡಗೂ ಒಂದಂತೆ. "ಆದರೆ ಕೋರ್ಟಿಗೆ ಹೋದರೆ ಅಜ್ಜಿಯ ಕಾಲಕ್ಕೆ ತೀರ್ಪು ಬರೋದಿಲ್ಲ. ಮೊದಲು ನಕ್ಷೆ ತಗೊಂಡು ಹೋಗಿ ಮಾತಾಡಿ" ಅಂದರು. ಫೀಸು ತೆಗೆದುಕೊಳ್ಳಲಿಲ್ಲ, ಒಂದು ಕಿಲೋ ಜೇನು ಕೊಟ್ಟು ಬಂದೆವು.

ಒಂದು ಭಾನುವಾರ ನಾವಿಬ್ಬರೂ ಅಜ್ಜಿಯನ್ನು ಕರೆದುಕೊಂಡು ಪಕ್ಕದ ತೋಟಕ್ಕೆ ಹೋದೆವು. ನಮ್ಮವರು ಚುಕ್ಕಿ ಗೆರೆ ತೋರಿಸಿದರು. ನಮ್ಮ ಕಣದ ವಿಷಯವನ್ನೂ ನಾನು ಮುಚ್ಚಿಡದೆ ಹೇಳಿದೆ. ನಮ್ಮವರಿಗೆ ಅದು ಅಷ್ಟು ಸರಿಬೀಳಲಿಲ್ಲ, ಕಾಲಿನಿಂದ ಕಾಲು ಒತ್ತಿದರು. ಮಾಲೀಕರು ಹೆಚ್ಚು ಮಾತಾಡಲಿಲ್ಲ. ಎದ್ದು ಬೂಟು ಹಾಕಿಕೊಂಡು, "ಬನ್ನಿ, ನೋಡೋಣ" ಅಂದರು. ಅಜ್ಜಿ ಮುಂದೆ, ನಾವು ಹಿಂದೆ. ಕಾಫಿ ಗಿಡದ ನಡುವೆ ದಾರಿಯೇ ಇಲ್ಲದ ಕಡೆ ಅವಳು ದಾರಿ ಹಿಡಿದು ಹೋದಳು. ನೇರಳೆ ಮರ ಇರಲಿಲ್ಲ, ಬೊಡ್ಡೆ ಇತ್ತು. ಅದರ ಆಚೆ ಗಿಡ ನೆಡದೆ ಬಿಟ್ಟಿದ್ದ ಐದಾರು ಸೆಂಟು ಜಾಗ, ತಲೆದೆಸೆಗೆ ನಿಲ್ಲಿಸಿದ ಸಣ್ಣ ಸಣ್ಣ ಕಲ್ಲು. ಹಳೇ ಮಾಲೀಕರ ಕಾಲದ ಆಳುಗಳು ಅಲ್ಲಿ ಗುಂಡಿ ತೋಡಲು ಒಪ್ಪಿರಲಿಲ್ಲವಂತೆ. ಅಜ್ಜಿ ಒಂದು ಕಲ್ಲಿನ ಮುಂದೆ ಕೂತು ಎಲೆ ಅಡಿಕೆ ಇಟ್ಟಳು. ಮಾಲೀಕರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಬೇಲಿ ತೆಗೆಯಲಾಗದು, ಆನೆ ಬರುತ್ತದೆ. ಅಲ್ಲೊಂದು ಗೇಟು ಮಾಡಿಸಿದರು. ಅಜ್ಜಿಯ ಮಾತು ಸೇರಿಸಿದ ನನ್ನ ಟ್ರೇಸಿಂಗ್ ನಕ್ಷೆಗೆ ಅವರೂ ನಮ್ಮವರೂ ಸಹಿ ಹಾಕಿ, ಅಜ್ಜಿ ಹೆಬ್ಬೆಟ್ಟು ಒತ್ತಿ, ಒಂದು ಪ್ರತಿ ಪಂಚಾಯಿತಿಗೂ ಕೊಟ್ಟಾಯಿತು. ಅದಕ್ಕೆ ಎಷ್ಟು ಬೆಲೆಯೋ ನೋಡಬೇಕು. ನಮ್ಮ ಕಣದ ಬದಿಯ ಹತ್ತು ಸೆಂಟು ಬಿಟ್ಟುಕೊಡುವ ಮಾತು ಮನೆಯಲ್ಲಿ ನಡೆದಿದೆ. ಅತ್ತೆ ಒಪ್ಪಿದ್ದಾರೆ, ನಮ್ಮವರು ಇನ್ನೂ ಲೆಕ್ಕ ಹಾಕುತ್ತಿದ್ದಾರೆ.

ಗೇಟಿಗೆ ಬೀಗದ ಕೈ ಎರಡು. ಒಂದು ಪಕ್ಕದ ತೋಟದ ರೈಟರ ಹತ್ತಿರ, ಇನ್ನೊಂದು ನಮ್ಮ ಅಡಿಗೆ ಮನೆಯ ಮೊಳೆಯಲ್ಲಿ, ಕಾಫಿ ಸೋಸುವ ಬಟ್ಟೆಯ ಪಕ್ಕ. ಮೊನ್ನೆ ಅಜ್ಜಿ ಬಂದವಳು ಅದನ್ನೇ ನೋಡುತ್ತಾ, "ರಾತ್ರಿ ಹೊತ್ತು ಸತ್ರೂ ತೆಗ್ದು ಕೊಡ್ತೀರಾ ಅಮ್ಮಾ?" ಅಂತ ಕೇಳಿದಳು.

ಕೊಡ್ತೀನಿ ಅಂದೆ. ಆಮೇಲೆ ಕಾಫಿ ಕುಡಿದಳು.